ಅಂತೇವಾಸಿ

ಸಂಸ್ಕೃತ ಪಾಠಶಾಲೆಯನ್ನು ಸೇರಿದ ಬಾಲಕನು ಮೊದಮೊದಲು ಕಂಠಸ್ಥ ಮಾಡುವ ಗ್ರಂಥಗಳಲ್ಲಿ ಅಮರಸಿಂಹನ ನಾಮಲಿಂಗಾನುಶಾಸನವೂ ಒಂದು. ಲೋಕವು ಅದನ್ನು ಅಮರಕೋಶವೆಂದು ಕರೆಯುವುದು. ಅದರ ದ್ವಿತೀಯಕಾಂಡದ ಬ್ರಹ್ಮವರ್ಗದಲ್ಲಿ ಶಿಷ್ಯನೆಂಬುದಕ್ಕೆ ಕೊಟ್ಟಿರುವ ಪರ್ಯಾಯಪದಗಳಲ್ಲಿ ‘ಅಂತೇವಾಸಿ’ ಎಂಬುದೊಂದುಂಟು. ಗುರುವಿನ ಸಮೀಪದಲ್ಲಿ ವಾಸಮಾಡುವವನು ಎಂದು ಅದರ ಅರ್ಥ. ಅದೇ ಕಾಂಡದಲ್ಲಿ ಮುಂದೆ ಶೂದ್ರವರ್ಗಕ್ಕೆ ಬಂದರೆ, ಊರ ಹೊರಗೆ ಇರಿಸಲ್ಪಟ್ಟ ಚಾಂಡಾಲಾದಿಗಳ ಹೆಸರುಗಳ ನಡುವೆ ಅದೇ ‘ಅಂತೇವಾಸಿ’ ಪದವು ಎರಡನೆಯ ಸಲ ಕಾಣಿಸಿಕೊಳ್ಳುವುದು. ಅಲ್ಲಿ ಅರ್ಥವು ಊರ ಕೊನೆಯಲ್ಲಿ ವಾಸಮಾಡುವವನು ಎಂದು. ‘ಅಂತ’ ಶಬ್ದಕ್ಕೆ ಸಾಮೀಪ್ಯವೂ ಅರ್ಥ, ಕೊನೆಯೂ ಅರ್ಥ. ಹೀಗಾಗಿ ಗುರುವಿನ ಬಳಿಯಲ್ಲಿ ಇರುವವನಿಗೂ ಊರಿನಿಂದ ದೂರವಿಡಲ್ಪಟ್ಟವನಿಗೂ ಒಂದೇ ಹೆಸರಾಯಿತು. ಹುಡುಗರಾಗಿದ್ದಾಗ ನಾವು ಇದನ್ನು ಗಿಳಿಪಾಠವಾಗಿ ಒಪ್ಪಿಸಿ ಮುಂದಕ್ಕೆ ಹೋಗುತ್ತಿದ್ದೆವು. ಅರವತ್ತು ಕಳೆದ ಮೇಲೆ ಆ ಪದವು ನನ್ನನ್ನು ಪದೇ ಪದೇ ತಡೆದು ನಿಲ್ಲಿಸುತ್ತಿರುವುದು. ಅದನ್ನು ಕಲಿಸಿದ ಗ್ರಂಥಕಾರನೂ ಬೌದ್ಧನೆಂದು ಪಂಡಿತಪರಂಪರೆಯಲ್ಲಿ ಪ್ರಸಿದ್ಧಿ. ವೈದಿಕ ಬಾಲಕರ ನಾಲಗೆಗೆ ಮೊದಲ ಸಂಸ್ಕಾರವನ್ನು ಕೊಟ್ಟವನೇ ಹೊರಗಿನವನು ಎಂದ ಹಾಗಾಯಿತು.

ಪ್ರಸ್ತುತ ವಿಚಾರಕ್ಕೆ ಈ ಪದವೇ ಪೀಠಿಕೆ. ಕೆಲವರಿಗೆ ತಾವು ಹುಟ್ಟಿದ ಮನೆ, ಕಲಿತ ಶಾಸ್ತ್ರ, ಸಮಾಜವು ಮಾನ್ಯಮಾಡಿದ ಆಚಾರ ಇವುಗಳಿಗಿಂತಲೂ ಅವುಗಳ ಅಂಚಿನಲ್ಲಿರುವ, ಶಿಷ್ಟರು ಮೂಗು ಮುರಿಯುವ ಜನರ ಹಾಡು, ಕುಣಿತ, ಪೂಜೆ, ನಡವಳಿಕೆಗಳ ಮೇಲೆ ಅಧಿಕವಾದ ಅನುರಾಗವುಂಟು. ಅಂತಹವರು ಸಭೆಯಲ್ಲಿ ಕುಳಿತಿರುವಾಗಲೂ ಅವರ ಕಿವಿಯು ಬೀದಿಯ ಕಡೆಗೆ ಇರುವುದು. ಅದರ ಫಲವಾಗಿ ತಮ್ಮವರ ನಡುವೆ ಅವರಿಗೆ ಪರಕೀಯಭಾವವು ತಪ್ಪಿದ್ದಲ್ಲ. ಈ ಅನುರಾಗವು ಗುಣವೋ ದೋಷವೋ? ಈ ಪರಕೀಯಭಾವವು ನಿವಾರಿಸಿಕೊಳ್ಳಬೇಕಾದ ರೋಗವೋ, ಅಥವಾ ಅದಕ್ಕೂ ಏನಾದರೂ ಪ್ರಯೋಜನವುಂಟೋ? ಇದು ಕೇವಲ ರುಚಿಯ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ ಎಂಬುದು ನನ್ನ ಅಭಿಪ್ರಾಯ. ಅದನ್ನು ವಾಚಕರ ಮುಂದೆ ಯಥಾಶಕ್ತಿ ವಿವರಿಸುವೆನು.

ಈ ಸ್ವಭಾವವು ನನ್ನಲ್ಲಿಯೂ ಉಂಟಾದುದರಿಂದ ನಾನು ತಟಸ್ಥನೆಂದು ಹೇಳಿಕೊಳ್ಳಲಾರೆನು. ಪಾಠಶಾಲೆಯ ದಿನಗಳಲ್ಲಿ ರಘುವಂಶದ ಸರ್ಗಗಳನ್ನು ಉರು ಹೊಡೆಯುತ್ತಿದ್ದಾಗಲೂ, ಅಮಾವಾಸ್ಯೆಯ ರಾತ್ರಿ ಏಕತಾರಿ ದಮ್ಮಡಿಗಳನ್ನು ಹಿಡಿದು ತತ್ತ್ವಪದ ಹಾಡುವವರ ಗುಂಪಿನ ಕಡೆಗೇ ನನ್ನ ಮನಸ್ಸು ಹರಿಯುತ್ತಿದ್ದಿತು. ಭಾಲ್ಕಿ ಸೀಮೆಯ ಖಾನಾಪುರದಲ್ಲಿರುವ ಮೈಲಾರ ಮಲ್ಲಣ್ಣನ ಗುಡಿಗೆ ಹೋದಾಗ ದೇವರ ದರ್ಶನಕ್ಕಿಂತಲೂ, ಕರಿಯ ಕಂಬಳಿ ಹೊದ್ದು ಹಣೆಯ ತುಂಬ ಭಂಡಾರ ಬಳಿದುಕೊಂಡ ವಗ್ಗಯ್ಯಗಳನ್ನು ನೋಡುತ್ತ ನಿಂತುಬಿಡುತ್ತಿದ್ದೆನು. ಮೈಲಾರನ ಕ್ಷೇತ್ರಗಳಲ್ಲಿ ಇವರೂ ಗೊರವರೂ ದೇವರ ನಾಯಿಗಳೆಂದು ತಮ್ಮನ್ನು ಭಾವಿಸಿಕೊಳ್ಳುವರು. ದೋಣಿಸೇವೆಯೆಂಬಲ್ಲಿ ಹಾಲು ತುಪ್ಪ ಬಾಳೆಯಹಣ್ಣುಗಳನ್ನು ದೋಣಿಯೆಂಬ ಪಾತ್ರೆಯಲ್ಲಿ ಸುರಿದರೆ, ಕೈಯಿಂದ ಮುಟ್ಟದೆ, ಬಾಯಿ ಹಾಕಿ ಬೊಗಳುತ್ತ ತಿನ್ನುವರು. ಶಿಷ್ಟಾಚಾರದಲ್ಲಿ ಬೆಳೆದವನಿಗೆ ಇದು ಅಸಹ್ಯವಾಗಬೇಕು. ಆದರೆ ನನಗೆ ಅಲ್ಲಿ ಕಂಡುದು ಬೇರೆ. ನಾನು ಓದುತ್ತಿದ್ದ ವೇದಾಂತವು ಅಹಂಕಾರವನ್ನು ಬಿಡಬೇಕೆಂದು ಹೇಳುತ್ತಿದ್ದಿತು. ಇವರು ಅದನ್ನು ನೆಲದ ಮೇಲೆ ಬಿಟ್ಟೇ ಬಿಟ್ಟಂತೆ ತೋರಿದರು.

ಅದಂತಿರಲಿ. ಇದರಿಂದ ಆದ ಪರಿಣಾಮವನ್ನೂ ಹೇಳಬೇಕು. ಪಂಡಿತರ ನಡುವೆ ನಾನು ಅಭಿರುಚಿ ಕೆಟ್ಟವನೆನಿಸಿದೆನು. ವ್ಯಾಕರಣ ಕಲಿತ ನಾಲಗೆಯಿಂದ ಭಿಕ್ಷುಕರ ಪದಗಳನ್ನು ಗುನುಗುವುದು ಗಂಗೋದಕದ ತಂಬಿಗೆಯಲ್ಲಿ ಹೆಂಡವನ್ನು ತುಂಬಿದ ಹಾಗೆ ಎಂದು ಹಿರಿಯ ಸಹಾಧ್ಯಾಯಿಯೊಬ್ಬರು ಹೇಳಿದುದುಂಟು. ಇತ್ತ ಭಜನೆಯವರ ನಡುವೆ ಹೋಗಿ ಕುಳಿತರೆ ಅವರು ತಮ್ಮ ಚಾಪೆಯನ್ನು ಬಿಟ್ಟು ನನಗೊಂದು ಬೇರೆ ಕಂಬಳಿಯನ್ನು ಹಾಸುತ್ತಿದ್ದರು. “ಮಾಸ್ತರ್ರೇ, ನೀವು ಇಲ್ಲಿ ಮ್ಯಾಲೆ ಕೂಡ್ರಿ” ಎನ್ನುತ್ತಿದ್ದರು. ಅದು ಗೌರವವೇ ಹೌದು. ಆದರೆ ಗೌರವವು ಬೇಲಿಯೂ ಆಗುವುದೆಂಬುದನ್ನು ಆ ಕಂಬಳಿಯ ಮೇಲೆ ಕುಳಿತು ಅರಿತೆನು. ಒಂದು ಕಡೆ ಮನೆಯವನಾಗಿ ಉಳಿಯಲಿಲ್ಲ, ಇನ್ನೊಂದು ಕಡೆ ಮನೆಯವನಾಗಲಿಲ್ಲ. ಇಂತಹ ಸ್ಥಿತಿಯು ನನ್ನೊಬ್ಬನದೇ ಅಲ್ಲವೆಂದೂ, ಈ ಪತ್ರಿಕೆಯನ್ನು ಓದುವ ಅನೇಕ ಮನೆಗಳಲ್ಲಿ ಒಬ್ಬರಾದರೂ ಇದನ್ನು ಬಲ್ಲರೆಂದೂ ನಂಬಿರುವೆನು.

ಮೊದಲು ಅಂಚು ಎಂದರೇನು ಎಂಬುದನ್ನು ವಿಚಾರಿಸೋಣ. ಅಂಚು ವಸ್ತುವಿನಲ್ಲಿ ಇರುವ ಗುಣವಲ್ಲ. ನೋಡುವವನು ನಿಂತ ಸ್ಥಳದಿಂದ ಹುಟ್ಟುವ ಹೆಸರು. ಇದಕ್ಕೆ ನಮ್ಮ ಬೀದರ ಸೀಮೆಗಿಂತ ಒಳ್ಳೆಯ ಸಾಕ್ಷಿಯಿಲ್ಲ. ಕರ್ನಾಟಕದ ಭೂಪಟದಲ್ಲಿ ನಾವು ಮುಕುಟದ ತುದಿಯಲ್ಲಿರುವೆವು. ರಾಜಧಾನಿಯವರಿಗೆ ನಮ್ಮ ಊರುಗಳು ದೂರದವು, ನಮ್ಮ ಮಾತು ಬೆರಕೆಯದು. ಮರಾಠಿಯವರಿಗೂ ತೆಲುಗರಿಗೂ ನಾವು ಅವರ ನಾಡಿನ ಅಂಚಿನವರು. ನಿಜಾಮರ ಆಳ್ವಿಕೆಯಲ್ಲಿ ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿ. ಅಂದು ಕನ್ನಡವು ತನ್ನ ಮನೆಯಲ್ಲಿಯೇ ಹೊರಗಿನದಾಗಿದ್ದಿತು. 1956ರ ನವೆಂಬರ 1ರಂದು ಹಳೆಯ ಬೀದರ ಜಿಲ್ಲೆಯು ಮೂರು ರಾಜ್ಯಗಳಿಗೆ ಹಂಚಿಹೋದಾಗ, ನಿನ್ನೆಯವರೆಗೆ ನಡುವಿನಲ್ಲಿದ್ದ ಹಳ್ಳಿಗಳು ಒಂದೇ ರಾತ್ರಿಯಲ್ಲಿ ಗಡಿಯ ಹಳ್ಳಿಗಳಾದವು. ಹಳ್ಳಿಗಳು ಅಲುಗಲಿಲ್ಲ, ಗೆರೆ ಅಲುಗಿತು. ಆದರೆ ಇದೇ ನೆಲದ ಕಲ್ಯಾಣವು ಹನ್ನೊಂದನೆಯ ಹನ್ನೆರಡನೆಯ ಶತಮಾನಗಳಲ್ಲಿ ಚಾಲುಕ್ಯರ ರಾಜಧಾನಿ. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ ಶಾಹನು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದನು. ಆದುದರಿಂದ ಇಂದಿನ ಅಂಚು ನಿನ್ನೆಯ ನಡು. ಇದನ್ನು ಮರೆತವನೇ ಇತರರನ್ನು ಅಂಚಿನವರೆಂದು ಧೈರ್ಯವಾಗಿ ಕರೆಯಬಲ್ಲನು.

ಆ ಅಹ್ಮದ ಶಾಹನ ಗೋರಿಯು ಬೀದರಿನ ಸಮೀಪದ ಅಷ್ಟೂರಿನಲ್ಲಿರುವುದು. ಅವನು 1422ರಿಂದ 1436ರ ವರೆಗೆ ಆಳಿದವನು. ಪ್ರತಿವರ್ಷವೂ ಹೋಳಿಯಾದ ನಂತರ ಅಲ್ಲಿ ನಡೆಯುವ ಉರುಸಿಗೆ ಕಲಬುರಗಿ ಸೀಮೆಯ ಮಾಡಿಯಾಳದಿಂದ ಲಿಂಗವಂತ ಜಂಗಮರು ತಮ್ಮ ಪರಿವಾರದೊಡನೆ ಬಂದು ತೆಂಗಿನಕಾಯಿ ಹೂವುಗಳನ್ನು ಅರ್ಪಿಸುವ ಸಂಪ್ರದಾಯವುಂಟು. ನೆರೆದ ಹಿಂದೂ ಭಕ್ತರಲ್ಲಿ ಅನೇಕರು ಆ ಸುಲ್ತಾನನನ್ನು ಅಲ್ಲಮಪ್ರಭುವೆಂದು ಭಾವಿಸುವರು. ಅಲ್ಲಮನು ಹನ್ನೆರಡನೆಯ ಶತಮಾನದವನು, ಸುಲ್ತಾನನು ಹದಿನೈದನೆಯ ಶತಮಾನದವನು ಎಂದು ಚರಿತ್ರಕಾರನು ಆಕ್ಷೇಪಿಸಬಹುದು. ಆ ಆಕ್ಷೇಪವು ಸರಿಯಾದುದೇ. ಆದರೆ ಅಷ್ಟೂರಿಗೆ ಹೋಗುವ ರೈತನು ಅಲ್ಲಿ ಕಾಲಗಣನೆಯನ್ನು ಕೇಳುವುದಿಲ್ಲ. ಮುಲ್ಲಾ ಪಂಡಿತರಿಬ್ಬರೂ ತಮ್ಮ ತಮ್ಮ ಪುಸ್ತಕಗಳ ಪ್ರಕಾರ ಅಂಚೆಂದು ಕರೆಯುವ ಆ ಸ್ಥಳವು, ಹರಕೆ ಹೊತ್ತು ಬಂದ ಹೆಣ್ಣುಮಗಳಿಗೆ ಪ್ರಪಂಚದ ನಟ್ಟನಡುವೆಯೇ ಇರುವುದು.

ಇನ್ನು ಪೂರ್ವಪಕ್ಷವನ್ನು ಕೇಳೋಣ. ಪ್ರತಿವಾದಿಯು ಹೀಗೆ ಹೇಳುವನು: “ಅಂಚಿನವರ ಮೇಲಿನ ನಿನ್ನ ಅನುರಾಗವು ಅಹಂಕಾರದ ಇನ್ನೊಂದು ರೂಪ. ಎಲ್ಲರೂ ಒಪ್ಪಿದುದನ್ನು ಒಪ್ಪಿದರೆ ನೀನು ಹತ್ತರಲ್ಲಿ ಹನ್ನೊಂದನೆಯವನಾಗುವೆ. ಎಲ್ಲರೂ ಬಿಟ್ಟುದನ್ನು ಹಿಡಿದರೆ ವಿಶೇಷ ವ್ಯಕ್ತಿಯೆನಿಸುವೆ. ಪರಕೀಯಭಾವದ ದುಃಖವೆಂದು ನೀನು ಹೇಳುವುದು ದುಃಖವಲ್ಲ, ಒಳಗೊಳಗೇ ಸವಿಯುವ ಸುಖ.” ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಏಕೆಂದರೆ ಅವಮಾನವನ್ನು ಬೇಕೆಂದೇ ಅರಸುವ ಒಂದು ಮಾರ್ಗವು ನಮ್ಮ ಶಾಸ್ತ್ರಗಳಲ್ಲಿಯೇ ಉಂಟು.

ಸನ್ಮಾನವನ್ನು ವಿಷದಂತೆ ಕಂಡು ಅಂಜಬೇಕು, ಅವಮಾನವನ್ನು ಅಮೃತದಂತೆ ಬಯಸಬೇಕು ಎಂಬ ಅಭಿಪ್ರಾಯವು ಮನುಸ್ಮೃತಿಯ ದ್ವಿತೀಯಾಧ್ಯಾಯದಲ್ಲಿ ಬ್ರಾಹ್ಮಣನನ್ನು ಕುರಿತು ಬರುವುದು. ಪಾಶುಪತರು ಇದನ್ನು ವ್ರತವನ್ನಾಗಿಯೇ ಮಾಡಿಕೊಂಡರು. ಬಹುಕಾಲ ಕಾಣೆಯಾಗಿದ್ದ ಪಾಶುಪತಸೂತ್ರಗಳು ಕೌಂಡಿನ್ಯನ ಪಂಚಾರ್ಥಭಾಷ್ಯದೊಡನೆ 1940ರಲ್ಲಿ ತಿರುವನಂತಪುರದ ಗ್ರಂಥಮಾಲೆಯಲ್ಲಿ ಅಚ್ಚಾದುವು. ಅದರಂತೆ ಸಾಧಕನು ಮೊದಲ ಅವಸ್ಥೆಯಲ್ಲಿ ಭಸ್ಮದಲ್ಲಿ ಸ್ನಾನ ಮಾಡಿ, ಭಸ್ಮದಲ್ಲಿ ಮಲಗಿ, ದೇವರ ಮುಂದೆ ನಗುತ್ತ ಹಾಡುತ್ತ ಕುಣಿಯುವನು. ಎರಡನೆಯ ಅವಸ್ಥೆಯಲ್ಲಿ ತನ್ನ ವ್ರತದ ಚಿಹ್ನೆಗಳನ್ನು ಮರೆಮಾಡಿ ಜನರ ನಡುವೆ ಹೋಗಿ, ಎಚ್ಚರವಿದ್ದೂ ನಿದ್ರಿಸುವವನಂತೆ ಗೊರಕೆ ಹೊಡೆಯುವನು, ವಾತರೋಗಿಯಂತೆ ನಡುಗುವನು, ಕುಂಟುವನು, ಹೆಂಗಸರನ್ನು ಕಂಡು ಕಾಮುಕನಂತೆ ವರ್ತಿಸುವನು, ಅಸಂಬದ್ಧವಾಗಿ ಮಾತಾಡುವನು. ಜನರು ಇವನನ್ನು ಹುಚ್ಚನೆಂದು ಬಯ್ಯಬೇಕು, ಹೊಡೆಯಬೇಕು. ಏಕೆಂದರೆ ನಿರಪರಾಧಿಯನ್ನು ನಿಂದಿಸಿದವರ ಪುಣ್ಯವು ಇವನಿಗೆ ಬರುವುದು, ಇವನ ಪಾಪವು ಅವರಿಗೆ ಹೋಗುವುದು.

ಈ ವ್ರತದ ಕಠೋರತೆಗೆ ನಾನು ತಲೆಬಾಗುವೆನು. ಮಾನವನ್ನು ಕಳೆದುಕೊಳ್ಳುವುದಕ್ಕಿಂತ ಪ್ರಾಣವನ್ನು ಕಳೆದುಕೊಳ್ಳುವುದು ಎಷ್ಟೋ ಜನರಿಗೆ ಸುಲಭವಾದುದು. ಆದರೂ ಇದರಲ್ಲಿ ಎರಡು ದೋಷಗಳನ್ನು ಎಣಿಸಬೇಕಾಗುವುದು. ಮೊದಲನೆಯದು, ಈ ವ್ಯವಹಾರದಲ್ಲಿ ದಾರಿಹೋಕನ ಗತಿಯೇನು ಎಂಬುದು. ತಿಳಿಯದೆ ಬಯ್ದ ಬಡವನು ತನ್ನ ಪುಣ್ಯವನ್ನು ಕಳೆದುಕೊಂಡು ಮನೆಗೆ ಹೋಗುವನು. ಇವನ ಲಾಭವು ಅವನ ನಷ್ಟದಿಂದ ಬಂದುದು. ಎರಡನೆಯದು ಇನ್ನೂ ಗಂಭೀರವಾದುದು. ಹೀಗೆ ತುಚ್ಛನಾಗಬೇಕೆಂದು ಹೊರಟವನಿಗೇ ಆ ಸೂತ್ರಗಳು ಸ್ತ್ರೀಯರೊಡನೆಯೂ ಶೂದ್ರರೊಡನೆಯೂ ಮಾತಾಡಬಾರದೆಂದು ವಿಧಿಸುವುವು. ಲೋಕವು ಯಾರನ್ನು ನಿಜವಾಗಿ ತುಚ್ಛವಾಗಿ ಕಂಡಿತೋ ಅವರ ಸಂಗವು ಮಾತ್ರ ಇವನಿಗೆ ಬೇಡ! ಅವಮಾನವು ಇವನಿಗೆ ಔಷಧ. ಅದೇ ಅವಮಾನವನ್ನು ಹುಟ್ಟಿನಿಂದ ಉಣ್ಣುವವರ ಕಡೆಗೆ ಇವನು ತಿರುಗಿ ನೋಡನು. ಆದುದರಿಂದ ಪೂರ್ವಪಕ್ಷಿಯ ಮಾತಿನಲ್ಲಿ ಇಷ್ಟು ಸತ್ಯಾಂಶವುಂಟು. ಅಂಚಿಗೆ ಹೋಗುವುದು ತನ್ನ ಆತ್ಮದ ಲಾಭಕ್ಕಾಗಿಯೇ ಆದರೆ, ಆ ಲಾಭವು ಎಷ್ಟೇ ದೊಡ್ಡದಾಗಿರಲಿ, ಅದು ಅಂಚಿನಲ್ಲಿರುವವರ ಮೇಲಿನ ಪ್ರೀತಿಯಲ್ಲ.

ಆದರೆ ಮಾರ್ಗವು ಅಲ್ಲಿಗೇ ನಿಲ್ಲಲಿಲ್ಲವೆಂಬುದಕ್ಕೆ ಕನ್ನಡ ನಾಡೇ ಪ್ರಮಾಣ. ಪಾಶುಪತಾಚಾರ್ಯನಾದ ಲಕುಲೀಶನನ್ನು ಗೌರವಿಸುತ್ತಿದ್ದ ಕಾಳಾಮುಖರು ನಮ್ಮ ನಾಡಿನಲ್ಲಿ ದೊಡ್ಡ ದೊಡ್ಡ ಮಠಗಳನ್ನು ನಡೆಸಿದರು. ಅವರ ವಿಷಯದಲ್ಲಿ ಇತರ ದರ್ಶನಗಳ ಆಚಾರ್ಯರು ಕಪಾಲದಲ್ಲಿ ಉಣ್ಣುವವರು, ಶ್ಮಶಾನದ ಬೂದಿಯನ್ನು ಬಳಿಯುವವರು ಎಂದು ಬರೆದರು. ಆದರೆ ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನವನ್ನು ನೋಡಿದರೆ ಬೇರೊಂದು ಚಿತ್ರವು ದೊರೆಯುವುದು. ವೇದ, ವ್ಯಾಕರಣ, ಷಡ್ದರ್ಶನಗಳ ಜೊತೆಗೆ ಬೌದ್ಧಾದಿ ಪರದರ್ಶನಗಳನ್ನೂ ಅಲ್ಲಿ ವ್ಯಾಖ್ಯಾನಿಸುತ್ತಿದ್ದರು. ದೀನರಿಗೂ ಅನಾಥರಿಗೂ ಕುಂಟಕುರುಡರಿಗೂ ಅಲ್ಲಿ ಅನ್ನವುಂಟು, ರೋಗಿಗಳಿಗೆ ಔಷಧವುಂಟು, ಭಯಗೊಂಡವರಿಗೆ ಆಶ್ರಯವುಂಟು. ಹಿಂದೆ ಸಾಧಕನು ಕುಂಟನಂತೆ ನಟಿಸಿದ್ದನು. ಇಲ್ಲಿ ನಿಜವಾದ ಕುಂಟನಿಗೆ ಎಲೆ ಹಾಕಿದರು. ಅಂಚಿನ ಮೇಲಿನ ಅನುರಾಗವು ಪಕ್ವವಾದರೆ ಏನಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ನನಗೆ ತಿಳಿಯದು.

ಇನ್ನೊಂದು ನಿದರ್ಶನವು ನಮ್ಮ ಜಿಲ್ಲೆಯದೇ. ಕಲ್ಯಾಣದಲ್ಲಿ ಅದೇ ಕಾಲದಲ್ಲಿ, ಬಿಜ್ಜಳನ ಆಳ್ವಿಕೆಯಲ್ಲಿ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಕುಲದ ಮಧುವರಸನ ಮಗಳಿಗೂ ವಿವಾಹವಾಯಿತೆಂದೂ, ಅದಕ್ಕಾಗಿ ತಂದೆಯರಿಬ್ಬರಿಗೂ ಕ್ರೂರವಾದ ಮರಣದಂಡನೆಯಾಯಿತೆಂದೂ ಶರಣಪರಂಪರೆಯು ಹೇಳುವುದು. ಹರಳಯ್ಯನ ಹೆಸರಿನ ಗವಿಯು ಬಸವಕಲ್ಯಾಣದಲ್ಲಿ ಇಂದಿಗೂ ಇರುವುದು. ಇಲ್ಲಿ ಮಧುವರಸನನ್ನು ಗಮನಿಸಬೇಕು. ಅವನು ಹರಳಯ್ಯನ ಕಾಯಕವನ್ನು ಹೊಗಳಿ ಸುಮ್ಮನಾಗಬಹುದಾಗಿದ್ದಿತು. ಅನುಭಾವದ ಗೋಷ್ಠಿಯಲ್ಲಿ ಜೊತೆಗೆ ಕುಳಿತು ಎದ್ದು ಬರಬಹುದಾಗಿದ್ದಿತು. ಅಷ್ಟಕ್ಕೆ ಯಾವ ಅರಸನೂ ಶೂಲವನ್ನು ನೆಡುವುದಿಲ್ಲ. ಅವನು ತನ್ನ ಮನೆಯ ಬಾಗಿಲನ್ನು ತೆರೆದನು. ಬೀಗನೆಂದು ಕರೆದನು. ಅಂಚಿನವನನ್ನು ಹೊಗಳುವವನನ್ನು ಸಮಾಜವು ಸಹಿಸುವುದು, ಹಲವು ಸಲ ಸನ್ಮಾನಿಸುವುದು ಕೂಡ. ಅವನನ್ನು ಪಂಕ್ತಿಯಲ್ಲಿ ಕೂಡಿಸಿಕೊಂಡವನನ್ನು ಮಾತ್ರ ಸಹಿಸದು. ಹೊಗಳಿಕೆಗೂ ಸಂಬಂಧಕ್ಕೂ ಇರುವ ಅಂತರವನ್ನು ನಮ್ಮ ನೆಲವು ರಕ್ತದಿಂದ ಅಳೆದು ತೋರಿಸಿರುವುದು.

ಇಲ್ಲಿ ಇನ್ನೊಂದು ಭ್ರಾಂತಿಯನ್ನು ಎತ್ತಿ ತೋರಿಸಬೇಕು. ಅದು ವಿದ್ಯಾವಂತರಲ್ಲಿ ವಿಶೇಷವಾಗಿ ಕಾಣುವಂತಹುದು. ನಮ್ಮ ಬಿದರಿಯ ಕಲಾವಿದರು ಸತುವಿನಲ್ಲಿ ಸ್ವಲ್ಪ ತಾಮ್ರವನ್ನು ಬೆರೆಸಿ ಎರಕಹೊಯ್ದು, ಬೆಳ್ಳಿಯನ್ನು ಕೂಡಿಸಿ, ಕೊನೆಗೆ ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ ಸೇರಿಸಿದ ದ್ರವದಲ್ಲಿ ಅದನ್ನು ಸಂಸ್ಕರಿಸುವರು. ಲೋಹವು ಕಪ್ಪಾಗುವುದು, ಬೆಳ್ಳಿ ಮಾತ್ರ ಹೊಳೆಯುವುದು. ಕಪ್ಪಿಲ್ಲದೆ ಬೆಳ್ಳಿಗೆ ಶೋಭೆಯಿಲ್ಲ. ಹೀಗೆಯೇ ಸಮಾಜಕ್ಕೂ ಒಂದು ಅಂಚು ಬೇಕು, ಅದು ಅಂಚಾಗಿಯೇ ಇದ್ದರೆ ಚೆಲುವು, ಎಂದು ಭಾವಿಸುವ ರಸಿಕರುಂಟು. ಪಾತ್ರೆಯ ವಿಷಯದಲ್ಲಿ ಈ ಮಾತು ಸರಿ, ಮನುಷ್ಯರ ವಿಷಯದಲ್ಲಿ ಸಲ್ಲದು. ಯಾರೂ ಇನ್ನೊಬ್ಬರ ಹೊಳಪಿಗಾಗಿ ಕಪ್ಪಾಗಿರಲು ಹುಟ್ಟಿದವರಲ್ಲ. ಸ್ವಂತ ಇಚ್ಛೆಯಿಂದ ಅಂಚಿಗೆ ಹೋದವನಿಗೆ ಮರಳುವ ದಾರಿಯುಂಟು. ಅಂಚಿನಲ್ಲಿ ಇರಿಸಲ್ಪಟ್ಟವನಿಗೆ ಆ ದಾರಿಯಿಲ್ಲ. ಜೋಗತಿ ಮಂಜಮ್ಮನವರ ಹೆಸರನ್ನು ವಾಚಕರು ಬಲ್ಲರು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದರು. ಅದಕ್ಕೆ ಮುಂಚೆ ಮನೆಯನ್ನು ಬಿಡಬೇಕಾಗಿ ಬಂದುದನ್ನೂ, ಭಿಕ್ಷೆ ಬೇಡಿ ಬದುಕಿದುದನ್ನೂ ಅವರೇ ಬಹಿರಂಗವಾಗಿ ಹೇಳಿರುವರು. ಜೋಗತಿ ನೃತ್ಯದ ಚೆಲುವನ್ನು ಮೆಚ್ಚುವ ನಮಗೆ ಆ ಭಿಕ್ಷೆಯ ದಿನಗಳು ಚೆಲುವಿನ ಭಾಗವಾಗಿ ಕಾಣಬಾರದು. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು 1982ರ ಕಾನೂನು ನಿಷೇಧಿಸಿದಾಗ ಪರಂಪರೆಯೊಂದು ಕಡಿದುಹೋಗುವುದೆಂದು ಮರುಗಿದವರುಂಟು. ಅವರ ಮನೆಯ ಹೆಣ್ಣುಮಕ್ಕಳಾರೂ ಆ ಪರಂಪರೆಯಲ್ಲಿ ಇರಲಿಲ್ಲ.

ಈ ವಿವೇಕವು ಪುಸ್ತಕದಿಂದ ಬರುವುದು ಕಷ್ಟ. ನಾನು ಅಧ್ಯಾಪಕನಾಗಿದ್ದ ಒಂದು ಹಳ್ಳಿಯಲ್ಲಿ ಒಬ್ಬ ವಗ್ಗಯ್ಯನಿದ್ದನು. ಮಣಿ ಮಲ್ಲಾಸುರರನ್ನು ಮೈಲಾರನು ಮರ್ದಿಸಿದ ಕಥೆಯನ್ನು ಅವನು ಹಾಡಿದರೆ ನಾನು ಊಟವನ್ನು ಮರೆಯುತ್ತಿದ್ದೆನು. ಅವನ ಮಗನು ನನ್ನ ತರಗತಿಯಲ್ಲಿ ಓದುತ್ತಿದ್ದನು, ಗಣಿತದಲ್ಲಿ ಬಹಳ ಚುರುಕು. ಇತರ ಹುಡುಗರು ಅವನನ್ನು ಕಂಡೊಡನೆ ಬೊಗಳುತ್ತಿದ್ದರು. ನಾನು ಅವರಿಗೆ ಮಹಾಪ್ರಸ್ಥಾನಪರ್ವದ ಕಥೆಯನ್ನು ಹೇಳಿದೆನು. ಧರ್ಮರಾಜನು ತನ್ನೊಡನೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದುದನ್ನೂ, ಆ ನಾಯಿಯೇ ಧರ್ಮದೇವತೆಯಾಗಿದ್ದುದನ್ನೂ ವರ್ಣಿಸಿದೆನು. ಬೊಗಳುತ್ತಿದ್ದವರು ಸುಮ್ಮನಾದರು. ಆದರೆ ಆ ಬಾಲಕನಿಗೆ ಬೇಕಾಗಿದ್ದುದು ಶ್ರೇಷ್ಠವಾದ ನಾಯಿಯ ಕಥೆಯಲ್ಲ. ತಂದೆಯು ಅವನನ್ನು ದೇವರಿಗೆ ಬಿಡುವುದಾಗಿ ಹರಕೆ ಹೊತ್ತಿದ್ದನು. ಬರುವ ಜಾತ್ರೆಯಲ್ಲಿ ದೀಕ್ಷೆಯಾಗುವುದಿದ್ದಿತು. ಒಂದು ಸಂಜೆ ಹುಡುಗನು ನನ್ನ ಬಳಿಗೆ ಬಂದು, “ಗುರುಜಿ, ನನಗ ಕಂಬಳಿ ಹೊದಿಸಬ್ಯಾಡಂತ ನಮ್ಮಪ್ಪಗ ನೀವೇ ಹೇಳ್ರಿ” ಎಂದನು.

ನಾನು ಹೋಗಿ ಹೇಳಿದೆನು. ವಗ್ಗಯ್ಯನು ಬಹಳ ಹೊತ್ತು ಸುಮ್ಮನಿದ್ದು, “ನನ್ನ ಹಾಡು ನಿಮಗ ಬೇಕು, ನನ್ನ ಮಗನ ಹಾಡು ಬ್ಯಾಡೇನ್ರಿ ಮಾಸ್ತರ್ರೇ?” ಎಂದು ಕೇಳಿದನು. ಇದಕ್ಕಿಂತ ನೇರವಾದ ಪ್ರಶ್ನೆಯನ್ನು ಯಾವ ವಿದ್ವತ್ಸಭೆಯಲ್ಲಿಯೂ ನಾನು ಎದುರಿಸಿದವನಲ್ಲ. “ನೀವು ಒಲಿದು ಹಾಡ್ತೀರಿ, ಅದಕ್ಕ ನಿಮ್ಮ ಹಾಡು ಬೇಕು. ಅವ ಒಲ್ಲೆ ಅಂತಾನ” ಎಂದೆನು. ದೀಕ್ಷೆಯು ನಿಂತಿತು. ಹುಡುಗನು ಮುಂದೆ ಓದಿ, ಹೈದರಾಬಾದಿನಲ್ಲಿ ಉದ್ಯೋಗದಲ್ಲಿರುವನು. ವಗ್ಗಯ್ಯನು ಆ ನಂತರ ನಮ್ಮ ಓಣಿಗೆ ಹಾಡಲು ಬರಲಿಲ್ಲ. ಆ ಕಥೆಯನ್ನು ಅವನು ಹಾಡುತ್ತಿದ್ದ ರೀತಿಯು ಅವನೊಡನೆಯೇ ಮುಗಿದುಹೋಯಿತು. ಅದು ಸಣ್ಣ ನಷ್ಟವಲ್ಲ. ಆದರೆ ನನ್ನ ಕಿವಿಯ ಸುಖಕ್ಕಾಗಿ ಒಬ್ಬ ಬಾಲಕನು ಬೊಗಳಬೇಕಾಗಿರಲಿಲ್ಲ. ಇಂದು ಅದೇ ಪ್ರಸಂಗವು ಬಂದರೂ ನಾನು ಹೇಳುವುದು ಅದನ್ನೇ.

ಹಾಗಾದರೆ ಅಂಚಿನ ಸಂಪ್ರದಾಯಗಳೆಲ್ಲ ಅಳಿದುಹೋಗಲೆಂದು ನನ್ನ ಅಭಿಪ್ರಾಯವೋ? ಅಲ್ಲ. ಒಲ್ಲದವನಿಗೆ ಹೇರಿದರೆ ಉಳಿಯುವುದು ಸಂಪ್ರದಾಯದ ಸೆರೆಮನೆ ಮಾತ್ರ. ಒಲಿದವನಿಗೆ ಮಾನವೂ ಅನ್ನವೂ ದೊರೆತರೆ ಸಂಪ್ರದಾಯವು ತಾನಾಗಿ ಉಳಿಯುವುದು. ವಗ್ಗಯ್ಯನ ಮಗನು ಕಂಬಳಿಯನ್ನು ಒಲ್ಲೆನೆಂದುದು ಕಂಬಳಿಯ ಮೇಲಿನ ದ್ವೇಷದಿಂದಲ್ಲ, ಕಂಬಳಿಯನ್ನು ಕಂಡು ಬೊಗಳುವವರ ದೆಸೆಯಿಂದ. ಆ ಬೊಗಳಿದ ಹುಡುಗರು ಎಲ್ಲಿಂದ ಬಂದವರು? ನಮ್ಮ ನಿಮ್ಮಂತಹ ಸುಶಿಕ್ಷಿತರ ಮನೆಗಳಿಂದ. ಹಾಗಿರಲು, ಪರಂಪರೆಯನ್ನು ಉಳಿಸುವ ಕಾರ್ಯವು ಗೊರವರ ಮನೆಯಲ್ಲಿ ಅಲ್ಲ, ನಮ್ಮ ಮನೆಯಲ್ಲಿ ಪ್ರಾರಂಭವಾಗಬೇಕಾದುದು.

ಹೋಗಿ ಬರುವ ದಾರಿಯನ್ನು ಸರಿಯಾಗಿ ನಡೆದವರು ಇಲ್ಲದಿಲ್ಲ. ಶಿಶುನಾಳ ಶರೀಫ ಸಾಹೇಬರು 1819ರಿಂದ 1889ರ ವರೆಗೆ ಬಾಳಿದವರು. ಅವರ ಗುರುಗಳು ಕಳಸದ ಗೋವಿಂದಭಟ್ಟರು. ಜನರು ಶರೀಫರನ್ನು ಬಹಳವಾಗಿ ಕೊಂಡಾಡುವರು, ಅದು ಉಚಿತವೇ. ನನಗಾದರೋ ಗೋವಿಂದಭಟ್ಟರ ಮೇಲೆ ಹೆಚ್ಚು ಕುತೂಹಲ. ಮುಸಲ್ಮಾನ ಬಾಲಕನನ್ನು ಶಿಷ್ಯನೆಂದು ಸ್ವೀಕರಿಸಿದುದಕ್ಕೆ ಅವರು ತಮ್ಮ ಜನರ ನಿಂದೆಯನ್ನು ಹೊರಬೇಕಾಯಿತೆಂದು ಆ ಸೀಮೆಯಲ್ಲಿ ಹೇಳುವರು. ಅವರು ಇಸ್ಲಾಮಿನ ಸೊಗಸನ್ನು ವರ್ಣಿಸಿ ಕುಳಿತವರಲ್ಲ. ಒಬ್ಬ ಹುಡುಗನು ಬಂದನು, ಅವನಿಗೆ ಕಲಿಸಿದರು. ‘ಅಂಚಿನ ಸಂಸ್ಕೃತಿ’ ಎಂಬ ದೊಡ್ಡ ಮಾತು ಅವರಿಗೆ ಬೇಕಾಗಲಿಲ್ಲ. ನಿಜವಾದ ಅನುರಾಗವು ಯಾವಾಗಲೂ ಇಂತಿಂತಹ ಮನುಷ್ಯನ ಮೇಲೆ ಇರುವುದೇ ಹೊರತು ಒಂದು ಗುಂಪಿನ ಬಣ್ಣದ ಮೇಲೆ ಅಲ್ಲ.

ಈಗ ಸಿದ್ಧಾಂತವನ್ನು ಹೇಳಬಹುದು. ಅಂಚಿನ ಮೇಲಿನ ಆಕರ್ಷಣವು ಸ್ವತಃ ಗುಣವೂ ಅಲ್ಲ, ದೋಷವೂ ಅಲ್ಲ. ಅದೊಂದು ಬಾಯಾರಿಕೆ. ತನ್ನ ಮನೆಯಲ್ಲಿ ದೊರೆಯದ ನೀರು ಎಲ್ಲಿಯೋ ಇರುವುದೆಂಬುದಕ್ಕೆ ಅದು ಸೂಚನೆ. ಅದು ಧರ್ಮವಾಗುವುದೋ ವಿಲಾಸವಾಗುವುದೋ ಎಂಬುದನ್ನು ಪರೀಕ್ಷಿಸಲು ಒಂದೇ ಒರೆಗಲ್ಲು ಉಂಟು. ಅಲ್ಲಿಗೆ ಹೋಗಿ ಬಂದ ಮೇಲೆ ನಮ್ಮ ಸ್ವಂತ ಮನೆಯಲ್ಲಿ ಏನಾದರೂ ಬದಲಾಯಿತೇ? ಬದಲಾಗದಿದ್ದರೆ ನಾವು ಅಲ್ಲಿಂದ ಕದ್ದು ತಂದೆವು. ಬದಲಾಯಿತಾದರೆ ಕಲಿತು ಬಂದೆವು.

ಪರಕೀಯಭಾವದ ವಿಷಯದಲ್ಲಿಯೂ ಒಂದು ಮಾತು. ಅದನ್ನು ರೋಗವೆಂದು ಭಾವಿಸಿ ಒಂದೋ ಪೂರ್ತಿಯಾಗಿ ಇತ್ತ ಬರಬೇಕು, ಇಲ್ಲವೇ ಪೂರ್ತಿಯಾಗಿ ಅತ್ತ ಹೋಗಬೇಕು ಎನ್ನುವವರುಂಟು. ಶಾಸ್ತ್ರಕಾರರು ದೇಹಲೀದೀಪನ್ಯಾಯವೆಂದು ಒಂದನ್ನು ಹೇಳುವರು. ದೇಹಲೀ ಎಂದರೆ ಹೊಸ್ತಿಲು. ಹೊಸ್ತಿಲ ಮೇಲೆ ಇಟ್ಟ ದೀಪವು ಮನೆಯ ಒಳಗನ್ನೂ ಬೀದಿಯನ್ನೂ ಒಟ್ಟಿಗೆ ಬೆಳಗುವುದು. ವ್ಯಾಖ್ಯಾನಗಳಲ್ಲಿ ಒಂದೇ ಪದವು ಹಿಂದಣ ವಾಕ್ಯಕ್ಕೂ ಮುಂದಣ ವಾಕ್ಯಕ್ಕೂ ಅನ್ವಯಿಸುವಾಗ ಇದನ್ನು ಉದಾಹರಿಸುವರು. ಎರಡು ಲೋಕಗಳ ನಡುವೆ ಸಿಕ್ಕಿಕೊಂಡವನ ಸ್ಥಾನವೂ ಹೊಸ್ತಿಲೇ. ಅಲ್ಲಿ ಕುಳಿತವನಿಗೆ ಒಳಗಿನವರ ಬೆಚ್ಚನೆಯೂ ಇಲ್ಲ, ಹೊರಗಿನವರ ಬಯಲೂ ಇಲ್ಲ, ಗಾಳಿ ಮಾತ್ರ ಎ���ಡೂ ಕಡೆಯಿಂದ ಬೀಸುವುದು. ಆದರೆ ಅವನ ಹೊರತು ಇನ್ನಾರೂ ಎರಡು ಕಡೆಯ ಮುಖಗಳನ್ನು ಒಟ್ಟಿಗೆ ನೋಡಲಾರರು. ಅಮರಕೋಶದ ಎರಡು ಅಂತೇವಾಸಿಗಳೂ ಅಲ್ಲಿ ಒಬ್ಬನೇ ಆಗಬಲ್ಲರು. ಕೊನೆಯಲ್ಲಿ ಇರುವವನ ಸಮೀಪದಲ್ಲಿ ಕುಳಿತು ಕಲಿಯುವವನು ಎಂಬ ಮೂರನೆಯ ಅರ್ಥವನ್ನು ನಾವು ಆ ಪದಕ್ಕೆ ಕೊಡಬಹುದು.

ಕೊನೆಯದಾಗಿ ವಾಚಕರಲ್ಲಿ ಒಂದು ಸಣ್ಣ ಬಿನ್ನಹ. ನಮ್ಮ ಬೀದಿಗಳಿಗೆ ಇಂದಿಗೂ ಒಮ್ಮೊಮ್ಮೆ ಚೌಡಿಕೆಯವರು ಬರುವರು, ಫಕೀರರು ಬರುವರು, ಭಂಡಾರದ ಚೀಲ ಹೊತ್ತ ವಗ್ಗಯ್ಯಗಳು ಬರುವರು. ಅವರ ಹಾಡನ್ನು ಮೆಚ್ಚಿ ನಮ್ಮ ಮನೆಯ ಹುಡುಗರು ಮೊಬೈಲಿನಲ್ಲಿ ಅದನ್ನು ಹಿಡಿದಿಟ್ಟುಕೊಳ್ಳುವರು. ಅದು ಒಳ್ಳೆಯದೇ. ಅನಂತರ ಒಳಗಿನಿಂದ ಚಹಾ ಬರುವುದು. ಆ ಚಹಾ ಬರುವುದು ನಾವು ಕುಡಿಯುವ ಬಟ್ಟಲಿನಲ್ಲಿಯೋ, ಹಿತ್ತಿಲ ಗೂಡಿನಲ್ಲಿ ಬೇರೆಯಾಗಿ ಇಟ್ಟ ಬಟ್ಟಲಿನಲ್ಲಿಯೋ, ಎಂಬುದನ್ನು ಪ್ರತಿಯೊಂದು ಮನೆಯೂ ತಾನೇ ನೋಡಿಕೊಳ್ಳಲಿ.